ಸುಡುಬಿಸಿಲಲ್ಲಿ ರೀವ ಹಕ್ಕಿಯ ಮರಿಗೆ ಮೀನೂಟ: ಫೋಟೊ ತೆಗೆಯುವುದು ಹೇಗೆ?

ಬೇಸಿಗೆಯಲ್ಲಿ ಭದ್ರಾ ಜಲಾಶಯದ ನೀರು ಇಳಿದಂತೆ ಲಕ್ಕವಳ್ಳಿ ಹಿನ್ನೀರಿನ ನಡುಗಡ್ಡೆಗಳು ತಲೆ ಎತ್ತುತ್ತವೆ. ಆ ಬೋಳು ನೆಲದ ಮೇಲೆಯೇ ನದಿ ರೀವಗಳು (ರಿವರ್ ಟರ್ನ್) ಮೊಟ್ಟೆ ಇಟ್ಟು ಮರಿ ಮಾಡುತ್ತವೆ. ಮರಿಗೆ ಮೀನು ಉಣಿಸುವ ಚಿತ್ರ ಯಾರಿಗೆ ಬೇಡ? ತೊಡಕಿರುವುದು ಬೆಳಕಿನಲ್ಲಿ. ಎದೆ ಬಿಳಿಚು, ನೆತ್ತಿ ಕಡುಗಪ್ಪು, ಕಣ್ಣು ಆ ಕಪ್ಪಿನೊಳಗೇ. ಕಣ್ಣು ಕಾಣಲೆಂದು ಬೆಳಕು ಹೆಚ್ಚಿಸಿದರೆ ಎದೆ ಸುಣ್ಣ ಬಳಿದ ಗೋಡೆಯಂತಾಗುತ್ತದೆ.

ಮೊದಲ ಕೆಲಸ, ಬೆಳಗಿನ ದೋಣಿ ಹಿಡಿಯುವುದು. ಹೊತ್ತೇರಿದ ಮೇಲೆ ಕಾದ ನೆಲದಿಂದ ಏಳುವ ಬಿಸಿಗಾಳಿಯಲ್ಲಿ ಚಿತ್ರ ಕದಡುತ್ತದೆ. ಎಷ್ಟೇ ದುಬಾರಿ ಲೆನ್ಸ್ ಆದರೂ ಅದನ್ನು ಸರಿಮಾಡಲಾರದು. ಆಮೇಲೆ ದೋಣಿಯವರನ್ನು ಮಾತಾಡಿಸಿ: ‘ಅಣ್ಣಾ, ಬಿಸಿಲು ನಮ್ಮ ಬೆನ್ನಿಗೆ ಬರೋ ಹಾಗೆ ನಿಲ್ಲಿಸ್ತೀರಾ?’ ಗಾಳಿಯೂ ಬೆನ್ನಿಗೇ ಬಂದರೆ ಅದೃಷ್ಟ. ಹಕ್ಕಿ ಇಳಿಯುವುದು ಗಾಳಿಗೆ ಎದುರಾಗಿ, ಅಂದರೆ ನಿಮ್ಮ ಕಡೆ ಮುಖ ಮಾಡಿ.

ಇನ್ನು ಎಕ್ಸ್‌ಪೋಷರ್. ಅಂದರೆ ಚಿತ್ರಕ್ಕೆ ಎಷ್ಟು ಬೆಳಕು ಬೇಕೆಂಬ ಲೆಕ್ಕ. ಇಲ್ಲಿ ಆಟೊ ಮೋಡ್ ನಂಬಬೇಡಿ. ರೀವ ಕಪ್ಪು ನೀರಿನ ಮೇಲೆ ಹಾರುವಾಗ ಕ್ಯಾಮೆರಾ ಕತ್ತಲೆಂದುಕೊಂಡು ಬೆಳಕು ಹೆಚ್ಚಿಸುತ್ತದೆ. ಬಿಳಿ ಆಕಾಶ ಹಿಂದೆ ಬಂದರೆ ತಗ್ಗಿಸುತ್ತದೆ. ಹಿನ್ನೆಲೆ ಏನೇ ಬದಲಾಗಲಿ, ಹಕ್ಕಿಯ ಮೈಮೇಲೆ ಬೀಳುವ ಬಿಸಿಲು ಬದಲಾಗಿರುವುದಿಲ್ಲ. ಆದ್ದರಿಂದ ಅಂಕಿಗಳನ್ನು ನಾವೇ ಇಡುವ ಮ್ಯಾನ್ಯುಯಲ್ ಮೋಡ್. ಹಳಬರ ‘ಸನ್ನಿ 16’ ಸೂತ್ರ ಈಗಲೂ ಕೈಹಿಡಿಯುತ್ತದೆ: ನಿಚ್ಚಳ ಬಿಸಿಲಲ್ಲಿ ಲೆನ್ಸಿನ ಕಿಂಡಿ (ಅಪರ್ಚರ್) ಎಫ್16 ಇಟ್ಟರೆ ಶಟರ್ ಸ್ಪೀಡ್, ಅಂದರೆ ಬೆಳಕು ಒಳಬಿಡುವ ಹೊತ್ತು, ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮವೆಂದು ಹೇಳುವ ಐಎಸ್‌ಒ ಸಂಖ್ಯೆಯಷ್ಟೇ. ಐಎಸ್‌ಒ 400ಕ್ಕೆ 1/400 ಸೆಕೆಂಡ್. ಅದನ್ನೇ ಎಫ್8ಕ್ಕೆ ತಂದರೆ ಕಿಂಡಿ ಹಿಗ್ಗಿ ನಾಲ್ಕು ಪಟ್ಟು ಬೆಳಕು ಬರುವುದರಿಂದ 1/1600. ಬಿಳಿ ಹಕ್ಕಿಯಾದ್ದರಿಂದ ಇನ್ನೊಂದು ಸ್ಟಾಪ್ (ಅಂದರೆ ಬೆಳಕು ಅರ್ಧಕ್ಕೆ) ತಗ್ಗಿಸಿ 1/3200 ಮಾಡಿ. ರೆಕ್ಕೆಯ ಬಡಿತ ನಿಲ್ಲಿಸುವುದಕ್ಕೂ, ದೋಣಿಯ ಓಲಾಟಕ್ಕೂ ಇದೇ ಸ್ಪೀಡ್ ಸಾಕು. ಬೆಳಗಿನ ಬಿಸಿಲು ಇನ್ನೂ ಎಳೆಯದಾಗಿದ್ದರೆ 1/2000ದಿಂದ ಶುರುಮಾಡಿ. ಕಡತ ರಾ (ಸಂಸ್ಕರಿಸದ) ಮಾದರಿಯಲ್ಲೇ ಇರಲಿ. ಹೈಲೈಟ್ ಎಚ್ಚರಿಕೆ (ಅತಿಯಾಗಿ ಬೆಳ್ಳಗಾದ ಭಾಗವನ್ನು ಮಿಣುಗಿಸಿ ತೋರಿಸುವುದು) ಆನ್ ಮಾಡಿಟ್ಟು, ಒಂದೆರಡು ಚಿತ್ರ ತೆಗೆದು, ಎದೆ ಮಿಣಕ್ ಮಿಣಕ್ ಎನ್ನುತ್ತಿಲ್ಲವೆಂದು ನೋಡಿಕೊಂಡರೆ ಮುಗಿಯಿತು. ಮೋಡ ಬರುವವರೆಗೆ ಆ ಅಂಕಿಗಳನ್ನು ಮುಟ್ಟುವ ಅಗತ್ಯವಿಲ್ಲ.

ಊಟದ ಕ್ಷಣ ಬಹಳ ಚಿಕ್ಕದು. ಮರಿಯನ್ನೇ ದಿಟ್ಟಿಸುತ್ತ ಕುಳಿತರೆ ತಪ್ಪಿಹೋಗುತ್ತದೆ, ಏಕೆಂದರೆ ಅದು ಮಣ್ಣಿನ ಬಣ್ಣಕ್ಕೆ ಬೆರೆತು ಕಲ್ಲಿನ ನೆರಳಲ್ಲೋ ಹುಲ್ಲಿನ ಬುಡದಲ್ಲೋ ಅಡಗಿರುತ್ತದೆ. ಆಕಾಶ ನೋಡಿ. ಹಳದಿ ಕೊಕ್ಕಿನಲ್ಲಿ ಅಡ್ಡಲಾಗಿ ಮೀನು ಕಚ್ಚಿಕೊಂಡು ಕೂಗುತ್ತ ಬರುವ ಹಕ್ಕಿಗೆ ಫೋಕಸ್ ಹಿಡಿದು ಹಿಂಬಾಲಿಸಿದರೆ ಮರಿ ಎಲ್ಲಿದೆಯೆಂದು ಅದೇ ತೋರಿಸುತ್ತದೆ. ಹಕ್ಕಿ ನೆಲ ಮುಟ್ಟುವ ಮೊದಲೇ ಬರ್ಸ್ಟ್ (ಒಂದೇ ಸಮನೆ ಚಿತ್ರ ತೆಗೆಯುವುದು) ಶುರುವಾಗಿರಲಿ, ಫ್ರೇಮಿನಲ್ಲಿ ಮರಿಗೆ ಜಾಗ ಬಿಟ್ಟಿರಿ. ತಾಯಿ ತಲೆಯನ್ನು ಬಿಸಿಲಿನತ್ತ ತುಸು ತಿರುಗಿಸಿದಾಗ ಮಾತ್ರ ಕಣ್ಣಲ್ಲಿ ಬೆಳಕಿನ ಚುಕ್ಕಿ ಮೂಡುತ್ತದೆ. ನೂರು ಚಿತ್ರದಲ್ಲಿ ಉಳಿಸಿಕೊಳ್ಳಬೇಕಾದದ್ದು ಅದನ್ನೇ.

ಕಡುಬಿಸಿಲು ನಮ್ಮ ಕ್ಯಾಮೆರಾಕ್ಕಿಂತ ಮರಿಗೆ ಕಷ್ಟ. ದೊಡ್ಡ ಹಕ್ಕಿ ಮರಿಯ ಪಕ್ಕ ರೆಕ್ಕೆ ಸಡಿಲಿಸಿ ನಿಂತಿದ್ದರೆ ಅದು ಪೋಸ್ ಅಲ್ಲ, ನೆರಳು. ಅದನ್ನು ಎಬ್ಬಿಸಿದರೆ ಮರಿ ಬಿಸಿಲಿಗೆ ಬೀಳುತ್ತದೆ, ಕಾಗೆ ಹದ್ದುಗಳೂ ಕಾದಿರುತ್ತವೆ. ಗುಂಪು ಎದ್ದು ತಲೆಯ ಮೇಲೆ ಕಿರುಚಾಡಿದರೆ ನೀವು ತೀರಾ ಹತ್ತಿರವಿದ್ದೀರಿ. ದೋಣಿ ಹಿಂದಕ್ಕೆ ಹೋಗಲಿ. ನಡುಗಡ್ಡೆಯ ಮೇಲೆ ಕಾಲಿಡುವ ಮಾತೇ ಇಲ್ಲ, ಇದು ಹುಲಿ ಸಂರಕ್ಷಿತ ಪ್ರದೇಶ. ಗೂಡಿನ ಚಿತ್ರಗಳನ್ನು ಒಪ್ಪದ ಸ್ಪರ್ಧೆಗಳಿವೆ. ನನ್ನ ಪ್ರಕಾರ ಅದು ಸರಿಯೇ. ಗೂಡು ಬಿಟ್ಟು ಓಡಾಡುವಷ್ಟು ಬಲಿತ ಮರಿಯ ಚಿತ್ರವೇ ನೋಡಲೂ ಚೆಂದ.

ಮನೆಗೆ ಬಂದು ಕಂಪ್ಯೂಟರಿನಲ್ಲಿ ತೆರೆದಾಗ ಮೊದಲು ಹೈಲೈಟ್ ಇಳಿಸಿ, ನಂತರ ನೆರಳನ್ನು ಚೂರೇ ಚೂರು ಏರಿಸಿ. ಕಣ್ಣು ಕಪ್ಪಿನಿಂದ ಬೇರೆಯಾಗಿ ಕಂಡರೆ ಸಾಕು. ನೆತ್ತಿಯೇ ಬೂದಿಬಣ್ಣಕ್ಕೆ ತಿರುಗಿತೆಂದರೆ ಹೆಚ್ಚಾಯಿತು.