ಹಸಿ ಉಳ್ಳಾಗಡ್ಡಿ ಇಲ್ಲದ 100 ದಿನ

ಗದಗಿನ ಮನೆಗೆ ನನ್ನನ್ನು ಮಾತಾಡಿಸಲು ಬಂದವರೆಲ್ಲ ಮೊದಲು ಕೇಳಿದ್ದು ಇದನ್ನೇ: ‘ಹೊಲಿಗಿ ಎಷ್ಟು ಹಾಕ್ಯಾರ್ರೀ?’

ಒಂದೂ ಇಲ್ಲ. ಸ್ಟೆಮ್ ಸೆಲ್ (ರಕ್ತ ಹುಟ್ಟಿಸುವ ಮೂಲ ಕಣ) ಟ್ರಾನ್ಸ್‌ಪ್ಲಾಂಟ್ ಅಂದರೆ ಆಪರೇಷನ್ ಅಲ್ಲ, ರಕ್ತ ಏರಿಸಿದ ಹಾಗೇ ಇರುತ್ತದೆ. ಕಷ್ಟವೆಲ್ಲ ಅದರ ಹಿಂದೆ ಮುಂದೆ.

ನನಗಿದ್ದದ್ದು ಮಲ್ಟಿಪಲ್ ಮೈಲೋಮಾ, ಎಲುಬಿನ ಮಜ್ಜೆಯಲ್ಲಿ ಹುಟ್ಟುವ ಒಂದು ರಕ್ತದ ಕ್ಯಾನ್ಸರ್. ಸೊಂಟನೋವು ಅಂತ ತಿಂಗಳುಗಟ್ಟಲೆ ಸುಮ್ನೆ ಮುಲಾಮು ತಿಕ್ಕಿಕೊಂಡು ಓಡಾಡಿದೆ. ಹಿಮೋಗ್ಲೋಬಿನ್ ಇಳಿದಾಗಲೇ ಎಚ್ಚರಾಗಬೇಕಿತ್ತು. ಹುಬ್ಬಳ್ಳಿಯಲ್ಲಿ ಕೀಮೋ ಮುಗಿಸಿ, ಟ್ರಾನ್ಸ್‌ಪ್ಲಾಂಟ್‌ಗೆ ಬೆಂಗಳೂರಿಗೆ ಹೋದೆವು.

ಕೊಟ್ಟಿದ್ದು ನನ್ನವೇ ಸೆಲ್‌ಗಳು. ಎಲುಬಿನ ಮಜ್ಜೆಯಿಂದ ಅವು ರಕ್ತಕ್ಕೆ ಇಳಿಯಲಿ ಅಂತ 5 ದಿನ ಇಂಜೆಕ್ಷನ್. ಹಲ್ಲುನೋವು ಸೊಂಟಕ್ಕೆ ಬಂದಂತಿತ್ತು! ಆಮೇಲೆ ನಾಲ್ಕೈದು ತಾಸು ಮಷಿನ್ ಪಕ್ಕ ಮಲಗುವುದು. ರಕ್ತ ಒಂದು ಕಡೆಯಿಂದ ಹೋಗಿ, ಸೆಲ್ ಬಿಟ್ಟು, ಇನ್ನೊಂದು ಕಡೆಯಿಂದ ವಾಪಸ್. ನಡುವೆ ತುಟಿ ಜುಮ್ಮೆಂದಿತು. ರಕ್ತ ಹೆಪ್ಪುಗಟ್ಟದಂತೆ ಹಾಕುವ ಔಷಧಿ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದಂತೆ. ಸಿಸ್ಟರ್ ಕ್ಯಾಲ್ಸಿಯಂ ಕೊಟ್ಟ ಮೇಲೆ ಸರಿಹೋಯಿತು.

ಆಮೇಲೆ ಮೆಲ್ಫಲಾನ್ ಅನ್ನುವ ಜೋರು ಕೀಮೋ. ಅದು ಮಜ್ಜೆಯನ್ನೂ ಸುಡುತ್ತದೆ, ಅದಕ್ಕೇ ಸೆಲ್ ಮೊದಲೇ ತೆಗೆದಿಟ್ಟಿದ್ದು. ಅದನ್ನು ಕೊಟ್ಟ ದಿನ ಬಾಯಲ್ಲಿ ಐಸ್ ಚೂರು ಇಟ್ಟುಕೊಂಡೇ ಇರಬೇಕು. ತಣ್ಣಗಾದರೆ ಬಾಯಿಯ ರಕ್ತನಾಳ ಸಣ್ಣಗಾಗಿ ಔಷಧಿ ಅಲ್ಲಿಗೆ ಕಡಿಮೆ ಮುಟ್ಟುತ್ತದೆ, ಹುಣ್ಣೂ ಕಡಿಮೆ. ಅರ್ಧಕ್ಕೇ ಹಲ್ಲು ಜೋಮು ಹಿಡಿದು ‘ಸಾಕು’ ಅಂದೆ. ಹೆಂಡತಿ ಬಿಡಲಿಲ್ಲ, ಚಮಚದಲ್ಲಿ ತುರುಕುತ್ತಲೇ ಇದ್ದಳು. ಆ ಹಟಕ್ಕೇ ಇರಬೇಕು, ಗಂಜಿ ನುಂಗುವಷ್ಟು ಬಾಯಿ ಉಳಿಯಿತು.

ಸೆಲ್ ಏರಿಸಿದ್ದು ಅರ್ಧ ತಾಸೂ ಹಿಡಿಯಲಿಲ್ಲ. ಫ್ರೀಜ್ ಮಾಡುವಾಗ ಸೇರಿಸಿದ ರಾಸಾಯನಿಕ ಉಸಿರಲ್ಲಿ ಹೊರಬೀಳುತ್ತದೆ. ‘ರೂಮ್ ತುಂಬಾ ಬಳ್ಳೊಳ್ಳಿ ವಾಸನಿ ಬರಾಕತ್ತೈತ್ರೀ’ ಅಂದಳು ಹೆಂಡತಿ. ನನಗೆ ಗೊತ್ತೇ ಆಗಲಿಲ್ಲ.

ಬಿಳಿ ರಕ್ತಕಣ ನೂರಕ್ಕಿಂತ ಕೆಳಗಿಳಿಯಿತು. ಏಳನೇ ದಿನ ಜ್ವರ, ಭೇದಿ. ಮುಂದಿನ ಎರಡು ದಿನ ನೆನಪೇ ಇಲ್ಲ. 11ನೇ ದಿನ ಸೋಂಕಿನ ಜೊತೆ ಹೋರಾಡುವ ಬಿಳಿ ಕಣ, ನ್ಯೂಟ್ರೋಫಿಲ್, 500 ದಾಟಿತು. ಅಂದರೆ ಹೊಸ ಸೆಲ್ ಬೇರು ಬಿಟ್ಟಿದ್ದವು. ತಲೆ ಅಷ್ಟರಲ್ಲಿ ಬೋಳಾಗಿತ್ತು, ಬಿಡಿ.

ನನ್ನ ಕೇಳಿದರೆ ಆಸ್ಪತ್ರೆಗಿಂತ ಮನೆಯೇ ಕಷ್ಟ. ಸೋಂಕು ತಗಲದಂತೆ 100 ದಿನ ಹುಷಾರಾಗಿರಬೇಕು ಅಂದಿದ್ದರು. ಮನೆ ಮೊಸರು ಬೇಡ, ಹಸಿ ಸವತಿಕಾಯಿ ಬೇಡ, ಹಸಿ ಮೆಂತ್ಯೆ ಸೊಪ್ಪು ಬೇಡ, ಉಳ್ಳಾಗಡ್ಡಿ ಬೇಡ. ನಮ್ಮ ಕಡೆ ಇವೆಲ್ಲ ಇಲ್ಲದೆ ಊಟ ಇದೆಯಾ? ಬಿಸಿ ಜೋಳದ ರೊಟ್ಟಿ, ಬಿಸಿ ಪಲ್ಯ, ಕುದಿಸಿ ಆರಿಸಿದ ನೀರು. ಅಷ್ಟೇ. ಎದುರಿಗೆ ಮಗ ಉಳ್ಳಾಗಡ್ಡಿ ಗುದ್ದಿ ತಿನ್ನುವಾಗ ಎದ್ದು ಹೋಗುತ್ತಿದ್ದೆ.

ಇನ್ನು ಬಂಧುಗಳು. ಕ್ಯಾನ್ಸರ್ ಅಂದರೆ ನೋಡಲು ಬರದಿದ್ದರೆ ತಪ್ಪಾಗುತ್ತದಲ್ವಾ? ಹೆಂಡತಿ ಕಟ್ಟೆಯ ಮೇಲೆ ಕುರ್ಚಿ ಹಾಕಿದಳು. ಮಾತು ಅಲ್ಲಿಂದಲೇ, ನಾನು ಕಿಟಕಿಯೊಳಗೆ. ಸೋದರಮಾವ ಸಿಟ್ಟಾಗಿ ಚಹಾ ಕುಡಿಯದೆ ಎದ್ದುಹೋದರು. ಹಳ್ಳಿಯಲ್ಲಿ ರಾಶಿ ನಡೆದಾಗ ಕಣಕ್ಕೂ ಹೋಗಲಿಲ್ಲ. ಹೊಟ್ಟಿನ ಧೂಳಿನಲ್ಲಿರುವ ಬೂಷ್ಟು ಶ್ವಾಸಕೋಶಕ್ಕೆ ಇಳಿದರೆ ಕಷ್ಟ. ಮಾವನ ಸಿಟ್ಟು ಇಳಿಸಬಹುದು, ಅದನ್ನಲ್ಲ.

ಚಿಕ್ಕಂದಿನ ಲಸಿಕೆಗಳ ಶಕ್ತಿಯೂ ಹೋಗಿರುತ್ತದೆ. ಹೀಗಾಗಿ ಆರು ತಿಂಗಳಾದ ಮೇಲೆ ಮತ್ತೆ ಒಂದೊಂದಾಗಿ ಶುರು. ಚೀಟಿ ನೋಡಿದ ನರ್ಸಮ್ಮ ನನ್ನ ಹಿಂದೆ ಇಣುಕಿದರು. ‘ಕೂಸು ಎಲ್ಲೈತ್ರೀ?’

ಅಂಗಿ ತೋಳು ಮಡಚಿದೆ.