ಗುಳಿಗೆ ಮುಗಿದ ಮೇಲಿನ ಕೆಲಸ

ಸೇಡಂ, ಚಿತ್ತಾಪುರ ಕಡೆ ಮನೆಮನೆ ತಿರುಗಿ ನಮಗೆ ಖಾತ್ರಿಯಾದದ್ದು ಒಂದು: ಕುಷ್ಠ ವಾಸಿಯಾದವರನ್ನು ಜನ ದೂರ ಇಡುವುದು ರೋಗಾಣುವಿಗಿಂತ ಹೆಚ್ಚಾಗಿ ಕಾಲಿನ ಗಾಯಕ್ಕೆ ಹೆದರಿ. 6 ಅಥವಾ 12 ತಿಂಗಳ ಎಂಡಿಟಿ (ಹಲವು ಔಷಧ ಕೂಡಿದ) ಗುಳಿಗೆ ಮುಗಿದರೆ ರೋಗ ಮುಗಿಯಿತು. ಆದರೆ ರೋಗದಿಂದ ಕೆಟ್ಟುಹೋದ ನರ ಮರಳುವುದು ಕಷ್ಟ. ಸ್ಪರ್ಶವಿಲ್ಲದ ಅಂಗಾಲಿಗೆ ತೊಗರಿ ಕೂಳೆ ಚುಚ್ಚಿದರೂ ತಿಳಿಯದು. ಕೀವಾಗಿ ವಾಸನೆ ಬಂತೆಂದರೆ "ಬ್ಯಾನಿ ಹಂಗೇ ಅದ" ಎಂದು ಓಣಿಯೇ ತೀರ್ಪು ಕೊಡುತ್ತದೆ.

ಅದಕ್ಕೇ ನಾವು ಭಾಷಣಕ್ಕಿಂತ ಮೊದಲು ಬೋಗುಣಿ ತರಿಸುತ್ತೇವೆ. ದಿನಾ ಸಂಜೆ 20 ನಿಮಿಷ ತಣ್ಣೀರಲ್ಲಿ ಕಾಲು ನೆನೆಸಬೇಕು. ಬಿಸಿನೀರು ಬೇಡವೇ ಬೇಡ, ಸುಟ್ಟರೂ ಅವರಿಗೆ ಗೊತ್ತಾಗದು. ಜಡ್ಡುಗಟ್ಟಿದ ಚರ್ಮವನ್ನು ಒರಟು ಕಲ್ಲಿನಿಂದ ಮೆಲ್ಲಗೆ ತಿಕ್ಕಿ, ತೇವ ಇರುವಾಗಲೇ ಕೊಬ್ಬರಿ ಎಣ್ಣೆ ಹಚ್ಚಬೇಕು. ಬ್ಲೇಡ್ ಮುಟ್ಟಬಾರದು. ಗಾಯವಿದ್ದರೆ ಕಟ್ಟು ಕಟ್ಟಿ, ಆ ಕಾಲಿಗೆ ಭಾರ ಕೊಡದೆ ಕೂರಿಸಬೇಕು; ಸುಗ್ಗಿಯಲ್ಲಿ ಇದನ್ನು ಒಪ್ಪಿಸುವುದೇ ದೊಡ್ಡ ಕಷ್ಟ.

ಎಂಸಿಆರ್ (ಮೆತ್ತನೆಯ ರಬ್ಬರ್) ಚಪ್ಪಲಿಗೆ ಹಿಂಬದಿ ಪಟ್ಟಿ ಇರಬೇಕು, ಮೊಳೆ ಇರಬಾರದು. ಆದರೆ ಎಲ್ಲರಿಗೂ ಒಂದೇ ನಮೂನೆ ಕೊಟ್ಟರೆ ಅದೇ ರೋಗದ ಗುರುತಾಗಿ, ಚಪ್ಪಲಿ ಮೂಲೆ ಸೇರುತ್ತದೆ. ಸಂತೆಯಲ್ಲಿ ಸಿಗುವ ನಮೂನೆಯ ಚಪ್ಪಲಿಗೇ ಒಳಗೆ ಎಂಸಿಆರ್ ಹಾಸು ಹಾಕಿಸಿದರೆ ಜನ ಮೆಟ್ಟುತ್ತಾರೆ.

ಮನೆಯವರ ಜತೆ ಮಾತು ಕೊನೆಯ ಗುಳಿಗೆ ಪಟ್ಟಿ ಮುಗಿಯುವ ಮೊದಲೇ ಆಗಬೇಕು. ಎಂಡಿಟಿಯಲ್ಲಿರುವ ಕ್ಲೋಫಾಜಿಮಿನ್ ಔಷಧದಿಂದ ಚರ್ಮ ಕಪ್ಪಾಗುತ್ತದೆ, ಗುಳಿಗೆ ನಿಂತು ತಿಂಗಳುಗಳಾದ ಮೇಲೆ ತಿಳಿಯಾಗುತ್ತದೆ. ಹೇಳದಿದ್ದರೆ ರೋಗ ಏರಿತೆಂದೇ ತಿಳಿಯುತ್ತಾರೆ. ನಾವು ಗುಳಿಗೆ ತಿನ್ನುವವರದೇ ತಂಬಿಗೆಯಲ್ಲಿ ನೀರು ಕುಡಿಯುತ್ತೇವೆ, ಮನೆಯವರ ಕಣ್ಣೆದುರೇ.

ಹೆಣ್ಣುಮಕ್ಕಳ ವಿಚಾರ ಇನ್ನೂ ಸೂಕ್ಷ್ಮ. "ಕೈ ಸುಟ್ಕೋತಿ, ಏಳವ್ವ" ಎಂದು ಒಲೆಯಿಂದ ಎಬ್ಬಿಸಿದರೆ ಕಾಳಜಿಯ ಹೆಸರಿನಲ್ಲೇ ಆಕೆ ಅಡುಗೆಮನೆಯಿಂದ ಹೊರಬಿದ್ದಳು. ರೊಟ್ಟಿ ಬಡಿಯಲಿ, ತಿರುವಲು ಮರದ ಹಿಡಿಯ ಇಕ್ಕಳ ಕೊಡಿ. ಕುಡುಗೋಲಿನ ಹಿಡಿಗೆ ದಪ್ಪ ಬಟ್ಟೆ ಸುತ್ತಿಸಿ.

ರೇಷನ್ ಅಂಗಡಿಯಲ್ಲಿ ಸವೆದ ಬೆರಳಿನ ಗುರುತು ಬಾರದಿದ್ದರೆ ಕಣ್ಣಿನ ಗುರುತು ಅಥವಾ ಒಟಿಪಿ ಕೇಳಲು ಜತೆಗೆ ಹೋಗಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಕುಷ್ಠ ವಾಸಿಯಾದವರೂ ಇದ್ದಾರೆ. ಕುಷ್ಠದ ಕಾರಣಕ್ಕೆ ವಿಚ್ಛೇದನ ಕೇಳುವ ಅವಕಾಶ 2019ರಲ್ಲಿ ರದ್ದಾಗಿದೆ. ಸೊಸೆಯನ್ನು ತವರಿಗೆ ಕಳಿಸುವ ಮಾತು ಬಂದಾಗ ಇದನ್ನು ಹಿರಿಯರ ಮುಂದೆ ಸ್ಪಷ್ಟವಾಗಿ ಹೇಳುತ್ತೇವೆ.

ಗುಳಿಗೆ ಮುಗಿದ ಮೇಲೂ ಮಚ್ಚೆ ಕೆಂಪಾಗಿ ಊದುವುದು, ಮೊಣಕೈ ನರ ನೋಯುವುದು ಉಂಟು. ಅದು ಹೆಚ್ಚಾಗಿ ರಿಯಾಕ್ಷನ್, ಅಂದರೆ ರೋಗಾಣುವಿನ ವಿರುದ್ಧ ದೇಹವೇ ಕೆರಳುವುದು; ರೋಗ ಮರಳಿದ್ದಲ್ಲ. ಆದರೂ ಸಂತೆ ದಿನದವರೆಗೆ ಕಾಯದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಊತ ಇಳಿಸುವ ಪ್ರೆಡ್ನಿಸೊಲೋನ್ ಔಷಧ ತಡವಾದಷ್ಟೂ ಬೆರಳು ಮಡಚಿಕೊಳ್ಳುತ್ತವೆ.