ವೆಲ್ಡಿಂಗ್ ಯಂತ್ರದ ಅರ್ಥ್ ಕ್ಲ್ಯಾಂಪ್ ಮತ್ತು ಕೇಬಲ್ ಸುಧಾರಿಸುವುದು ಹೇಗೆ?

ಮನೆಬಳಕೆಯ ವೆಲ್ಡಿಂಗ್ ಯಂತ್ರದಲ್ಲಿ ರಾಡ್ ಪದೇಪದೇ ಅಂಟಿಕೊಳ್ಳುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಅರ್ಥ್ ಕ್ಲ್ಯಾಂಪನ್ನು, ಅಂದರೆ ಬೆಸೆಯುವ ಲೋಹವನ್ನು ಕಚ್ಚಿ ಹಿಡಿದು ಕರೆಂಟನ್ನು ಯಂತ್ರಕ್ಕೆ ಜೋಡಿಸುವ ಇಕ್ಕುಳವನ್ನು. ರಾಡ್ ಹಿಡಿಯುವ ಹೋಲ್ಡರಿನಲ್ಲಿ ಹರಿಯುವಷ್ಟೇ ಕರೆಂಟ್ ಈ ಕ್ಲ್ಯಾಂಪಿನಲ್ಲೂ ಹರಿಯಬೇಕು. ಅಲ್ಲಿ 0.01 ಓಮ್‌ನಷ್ಟು ಪ್ರತಿರೋಧವಿದ್ದರೂ 150 ಆಂಪಿಯರ್‌ನಲ್ಲಿ ಒಂದೂವರೆ ವೋಲ್ಟ್ ನಷ್ಟವಾಗಿ, 225 ವಾಟ್ ಶಾಖ ಆ ಒಂದೇ ಜಾಗದಲ್ಲಿ ಹುಟ್ಟುತ್ತದೆ. ಕೆಲಸ ಮುಗಿದ ಕೂಡಲೇ ಪ್ಲಗ್ ತೆಗೆದು, ಕೈಯ ಹಿಂಬದಿಯನ್ನು ಕೇಬಲಿನ ಹತ್ತಿರ ಉದ್ದಕ್ಕೂ ಸರಿಸಿ ನೋಡಿ. ಎಲ್ಲಿ ಹೆಚ್ಚು ಬಿಸಿಯಿದೆಯೋ ಅಲ್ಲಿಯೇ ದೋಷ.

ಅಗ್ಗದ ಕ್ಲ್ಯಾಂಪುಗಳನ್ನು ತೆಳು ಉಕ್ಕಿನ ತಗಡಿನಿಂದ ಮಾಡಿರುತ್ತಾರೆ. ಕೇಬಲ್ ಒಂದು ದವಡೆಗೆ ಮಾತ್ರ ಸೇರಿರುವುದರಿಂದ ಇನ್ನೊಂದು ದವಡೆಯ ಪಾಲಿನ ಕರೆಂಟ್ ಕೀಲು ಮತ್ತು ಸ್ಪ್ರಿಂಗಿನ ಮೂಲಕ ಹಾದು, ಸ್ಪ್ರಿಂಗ್ ಕಾದು ಬಿಗಿ ಕಳೆದುಕೊಳ್ಳುತ್ತದೆ. ಹಿತ್ತಾಳೆಯ ಅಥವಾ ತಾಮ್ರದ ದವಡೆಯಿರುವ, ಎರಡೂ ದವಡೆಗಳನ್ನು ಹೆಣೆದ ತಾಮ್ರದ ಪಟ್ಟಿಯಿಂದ ಜೋಡಿಸಿದ ಕ್ಲ್ಯಾಂಪನ್ನೇ ಕೊಳ್ಳುವುದು ಉತ್ತಮ. ಹಣ ಹಾಕುವುದಾದರೆ ಮೊದಲು ಇಲ್ಲಿ ಹಾಕಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ನಂತರ ಕೇಬಲ್. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪವಿರುವ ಅಲ್ಯೂಮಿನಿಯಂ. ಅಲ್ಯೂಮಿನಿಯಂನ ವಾಹಕತೆ ತಾಮ್ರದ ಸುಮಾರು ಶೇ 61 ಮಾತ್ರ. ನೂರೈವತ್ತು ಆಂಪಿಯರ್ ಆಸುಪಾಸಿನ ಕೆಲಸಕ್ಕೆ, ಕೇಬಲ್ ಐದಾರು ಮೀಟರ್ ಮೀರದಿದ್ದರೆ, ಸಣ್ಣ ಎಳೆಗಳ 25 ಚದರ ಮಿಲಿಮೀಟರ್ ತಾಮ್ರದ ವೆಲ್ಡಿಂಗ್ ಕೇಬಲ್ ಸಾಕು. ಅದಕ್ಕಿಂತ ಉದ್ದವಾದರೆ 35 ಚದರ ಮಿಲಿಮೀಟರಿನದು ಬೇಕು.

ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಕಾಗುವುದು ಲಗ್ ಜೋಡಿಸುವಾಗ, ಅಂದರೆ ಕೇಬಲನ್ನು ಕ್ಲ್ಯಾಂಪಿಗೆ ಬೋಲ್ಟಿನಿಂದ ಬಿಗಿಯಲು ಅದರ ತುದಿಗೆ ಹಾಕುವ ಲೋಹದ ಕೊಳವೆಯನ್ನು ಕೂರಿಸುವಾಗ. ಯಂತ್ರದ ಪ್ಲಗ್ ತೆಗೆದಿರಲಿ. ಲಗ್ಗಿನ ಕೊಳವೆಯ ಉದ್ದದಷ್ಟೇ ಹೊದಿಕೆಯನ್ನು ಸುತ್ತ ಕತ್ತರಿಸಿ, ಒಂದು ಎಳೆಯೂ ತುಂಡಾಗದಂತೆ ಬಿಡಿಸಿ, ಕಪ್ಪುಗಟ್ಟಿದ ತುದಿಯಾದರೆ ಹೊಳಪು ಕಾಣುವವರೆಗೆ ಹಿಂದಕ್ಕೆ ಕತ್ತರಿಸಿ. ಎಳೆಗಳನ್ನೆಲ್ಲ ಒಳಗೆ ತುಂಬಿ, ಸರಿಯಾದ ಅಳತೆಯ ಕ್ರಿಂಪಿಂಗ್ ಉಪಕರಣದಿಂದ ಒತ್ತಿದ ಮೇಲೆ ಬಲವಾಗಿ ಎಳೆದು ನೋಡಿ. ಕೂದಲೆಳೆಯಷ್ಟು ಜರುಗಿದರೂ ಹೊಸ ಲಗ್ ಹಾಕಬೇಕು. ಬರಿಯ ಬೆಸುಗೆ ಸೀಸವನ್ನು ನಂಬುವುದು ಬೇಡ, ಜೋಡಣೆ ಕಾದಾಗ ಅದು ಕರಗಬಹುದು. ಲಗ್ಗನ್ನು ದವಡೆಯ ಲೋಹಕ್ಕೆ ನೇರವಾಗಿ ತಾಗಿಸಿ, ವಾಷರನ್ನು ನಟ್ಟಿನ ಕಡೆಗಷ್ಟೇ ಹಾಕಿ ಬಿಗಿಯಿರಿ. ನಡುವೆ ಉಕ್ಕಿನ ವಾಷರ್ ಸಿಕ್ಕಿಸುವುದು ತೀರಾ ಸಾಮಾನ್ಯವಾದ ತಪ್ಪು.

ಕ್ಲ್ಯಾಂಪ್ ಕಚ್ಚುವ ಜಾಗದ ಬಣ್ಣ ಮತ್ತು ತುಕ್ಕನ್ನು ಗ್ರೈಂಡರಿನಿಂದ ತೆಗೆದು, ಬೆಸುಗೆಯ ಹತ್ತಿರವೇ ಹಾಕಬೇಕು. ಕರೆಂಟ್ ಬೇರಿಂಗ್ ಅಥವಾ ತಿರುಗಣಿಯ ಮೂಲಕ ಹಾದರೆ ಅವು ಕೆಡುತ್ತವೆ. ಪ್ಲಗ್ಗಿನ ಸುರಕ್ಷತಾ ಅರ್ಥ್ ತಂತಿ ಬೇರೆಯೇ ಆಗಿದ್ದು, ಅದನ್ನು ಎಂದಿಗೂ ಕಳಚಬಾರದು.

ಕೊನೆಗೆ ಮಲ್ಟಿಮೀಟರಿನ ಒಂದು ಮೊನೆಯನ್ನು ಲಗ್ಗಿಗೆ, ಇನ್ನೊಂದನ್ನು ಕೆಲಸದ ಬರಿಯ ಲೋಹಕ್ಕೆ ಸಿಕ್ಕಿಸಿ ವೆಲ್ಡಿಂಗ್ ಮಾಡಿ. ಮೀಟರನ್ನು ಇನ್ವರ್ಟರ್ ಮಾದರಿಯ ವೆಲ್ಡಿಂಗ್ ಯಂತ್ರಕ್ಕೆ ಡಿಸಿ, ಹಳೆಯ ಟ್ರಾನ್ಸ್‌ಫಾರ್ಮರ್ ಯಂತ್ರಕ್ಕೆ ಎಸಿ ವೋಲ್ಟ್ ಇಡಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಜೋಡಣೆಯನ್ನು ಬಿಚ್ಚಿ ಮತ್ತೆ ಉಜ್ಜಬೇಕು. ಹೈ ಫ್ರೀಕ್ವೆನ್ಸಿಯಿಂದ ಆರ್ಕ್ (ಬೆಸೆಯುವ ಕಿಡಿ) ಹತ್ತಿಸುವ ಟಿಗ್ (ಟಂಗ್‌ಸ್ಟನ್ ಮೊನೆಯಿಂದ ಬೆಸೆಯುವ) ಯಂತ್ರದಲ್ಲಿ ಮಾತ್ರ ಈ ಪರೀಕ್ಷೆ ಬೇಡ, ಮೀಟರ್ ಸುಟ್ಟುಹೋಗಬಹುದು.